ಮಲಗಿಸಿದ ಬಾಗಿಲು

ಇಸಾಕ ಜಮಾದಾರ ಯಾವುದನ್ನೂ ಕುತ್ತಿಗೆ ನೆಟ್ಟಗಿಟ್ಟುಕೊಂಡು ನೋಡಿದವನಲ್ಲ. ಎದುರಿಗೆ ಮನುಷ್ಯ ಬರಲಿ, ಮರ ಬರಲಿ, ಕಬ್ಬು ತುಂಬಿದ ಟ್ರಾಲಿ ಬರಲಿ, ಅವನ ತಲೆ ಮೆಲ್ಲಗೆ ಎಡಕ್ಕೆ ವಾಲುತ್ತ ವಾಲುತ್ತ ಕಿವಿ ಭುಜಕ್ಕೆ ತಾಗುವಷ್ಟಾಗಿ, ಲೋಕವೆಲ್ಲ ಅವನ ಕಣ್ಣಿನಲ್ಲಿ ಅಡ್ಡ ಮಲಗಿದ ಮೇಲೆಯೇ ಮುಖದಲ್ಲಿ ಒಂದು ತೃಪ್ತಿ ಮೂಡುತ್ತಿತ್ತು. ಅಂಕಲಿಯ ಬಸ್‌ನಿಲ್ದಾಣದಲ್ಲಿ ಮೊದಲ ಸಲ ಕಂಡವರು, ಪಾಪ, ಕುತ್ತಿಗೆ ಉಳುಕಿರಬೇಕು ಎಂದು ಮರುಗುತ್ತಿದ್ದರು. ಊರಿನವರು ಮರುಕದ ಗೊಡವೆಗೆ ಹೋಗದೆ 'ವಾರಿ ಇಸಾಕ', ಎಂದರೆ ಓರೆ ಇಸಾಕ, ಎಂದು ಹೆಸರಿಟ್ಟು ಸುಮ್ಮನಾಗಿದ್ದರು. ಆ ಓರೆನೋಟವನ್ನು ಕುರಿತು ನಾನೇ ಒಮ್ಮೆ ದೊಡ್ಡ ದೊಡ್ಡ ಮಾತುಗಳಲ್ಲಿ ಬರೆದದ್ದುಂಟು. ಇಂದು ಅದೇ ನೋಟವನ್ನು ಕುರಿತು ಮತ್ತೆ ಬರೆಯಲು ಕೂತಿದ್ದೇನೆ, ಈ ಸಲ ಲೇಖನಿ ಸರಾಗವಾಗಿ ಓಡುತ್ತಿಲ್ಲ. ಈ ಆಷಾಢದ ಒಂದು ಮುಂಜಾನೆ ಚಿಕ್ಕೋಡಿಯ ನನ್ನ ಮನೆಯ ಪಡಸಾಲೆಯಲ್ಲಿ ನಾನು ಬೆಚ್ಚಿದ ಬೆಚ್ಚು ಇನ್ನೂ ಇಳಿದಿಲ್ಲ.

ಇಸಾಕನಿಗೆ ಈಗ ಅರವತ್ತರ ಹತ್ತಿರ. ಬೇಸಿಗೆ, ಮಳೆಗಾಲ ಎನ್ನದೆ ಅವನ ಒಣಕಲು ಮೈಯ ಮೇಲೊಂದು ಕಂದು ಕೋಟು. ಅದರ ಬಲಗಿಸೆ ಮಾತ್ರ ಗರ್ಭಿಣಿಯಂತೆ ಉಬ್ಬಿರುತ್ತಿತ್ತು, ಏಕೆಂದರೆ ಅದರಲ್ಲಿ ಸದಾ ಒಂದು ಪುಟ್ಟ ಹಿತ್ತಾಳೆ ತಂಬಿಗೆ. ನಸುಕಿನಲ್ಲಿ ತಂಬಿಗೆ ಹಿಡಿದು ಹೊಳೆಯ ಕಡೆ ಹೊರಟವನನ್ನು ಕಂಡರೆ ಹಳ್ಳಿಯವರು ಏನು ತಿಳಿಯುತ್ತಾರೋ ಅದನ್ನೇ ತಿಳಿದು ಎಲ್ಲರೂ ದಾರಿ ಬಿಡುತ್ತಿದ್ದರು. ಅವನು ಹೋಗುತ್ತಿದ್ದುದು ಕೃಷ್ಣೆಯ ನೀರು ತರಲು. ಚಿತ್ರದ ಕಾಗದವನ್ನು ಹೊಳೆಯ ನೀರಿನಲ್ಲಿಯೇ ತೋಯಿಸಬೇಕೆಂಬುದು ಅವನ ಹಟ. ನಳದ ನೀರು ಮುಟ್ಟಿಸಿದರೆ ಬಣ್ಣ ಸುಳ್ಳು ಹೇಳುತ್ತದಂತೆ. ಕಾಗದ ತೋಯಿಸಿ ಬರಿದಾದ ಅದೇ ತಂಬಿಗೆಯ ತಳದಿಂದ ಕಾಗದವನ್ನು ಹಲಗೆಯ ಮೇಲೆ ಗಸಗಸನೆ ತಿಕ್ಕಿ ಅಚ್ಚು ತೆಗೆಯುತ್ತಿದ್ದ. ಅವನ ಹೆಂಡತಿ ಕುಲಸುಂಬಿ ಹೊಸ ತಂಬಿಗೆ ಕೊಂಡಾಗಲೆಲ್ಲ ಮೊದಲು ಬಚ್ಚಿಟ್ಟು ಆಮೇಲೆ ಮಾತಾಡುತ್ತಿದ್ದಳು.

ಅವನು ಹುಟ್ಟಾ ಬೋರ್ಡು ಬರೆಯುವವನು. ರಾಯಬಾಗದಿಂದ ಕಾಗವಾಡದವರೆಗೆ ಕಿರಾಣಿ ಅಂಗಡಿಗಳ ಹೆಸರು, ಟ್ರಾಲಿಗಳ ಬೆನ್ನ ಮೇಲಿನ ದೇವರು, ಮೋಟಾರುಸೈಕಲ್ಲಿನ ನಂಬರು, ಎಲ್ಲವೂ ಅವನ ಕೈಯವೇ. ಹರೆಯದಲ್ಲಿ ಕೊಲ್ಲಾಪುರದಲ್ಲಿ ಒಬ್ಬ ಅಚ್ಚುಚಿತ್ರಗಾರನ ಕೈಕೆಳಗೆ ಎರಡು ವರ್ಷ ಇದ್ದು ಕಲಿತ ವಿದ್ಯೆ ಮೂವತ್ತು ವರ್ಷ ತುಕ್ಕು ಹಿಡಿದು ಬಿದ್ದಿತ್ತು. ಅದನ್ನು ಎಬ್ಬಿಸಿದ್ದು ಎರಡು ಸಾವಿರದ ಹತ್ತೊಂಬತ್ತರ ಮಹಾಪೂರ. ನೀರಿಳಿದ ಮೇಲೆ ಹೊಳೆದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಗಳು ಕರಗಿ ಕೂತಿದ್ದವು. ಅವುಗಳ ಬಾಗಿಲುಗಳು ಮಾತ್ರ ತೇಲಿ ಹೋಗಿ ಎಲ್ಲೆಲ್ಲಿಯದೋ ಕಬ್ಬಿನ ಗದ್ದೆಗಳಲ್ಲಿ ಸಿಕ್ಕಿಕೊಂಡು, ಕಡೆಗೆ ಸೌದೆ ಅಂಗಡಿಗಳಲ್ಲಿ ತೂಕಕ್ಕೆ ಬಿದ್ದಿದ್ದವು. ವಾರಗಟ್ಟಲೆ ನೀರಲ್ಲಿ ನೆನೆದ ಬೇವಿನ ಹಲಗೆ ಒಣಗುವಾಗ ಅದರ ಮೆತ್ತನೆಯ ಭಾಗ ಕುಗ್ಗಿ ಗಟ್ಟಿಯ ಎಳೆಗಳಷ್ಟೇ ಮೇಲೇಳುತ್ತವೆ. ಅಂಥದೊಂದು ಕದವನ್ನು ರಾಯಬಾಗದ ಸೌದೆ ಅಂಗಡಿಯಲ್ಲಿ ಕಂಡ ಇಸಾಕನ ತಲೆ ಎಡಕ್ಕೆ ವಾಲಿತು. ಅಡ್ಡ ಮಲಗಿಸಿದ ಬಾಗಿಲಲ್ಲಿ ಅವನಿಗೆ ಹರಿಯುವ ಹೊಳೆ ಕಂಡಿತು.

ಅಂದಿನಿಂದ ಇಸಾಕ ಬಾಗಿಲುಗಳನ್ನು ತಂದು, ಮಲಗಿಸಿ, ಬೂದು ನೀಲಿ ಮಸಿ ಸವರಿ, ಮೇಲ್ಭಾಗದ ಮಸಿಯನ್ನು ಒದ್ದೆ ಅರಿವೆಯಿಂದ ಸ್ವಲ್ಪ ಸ್ವಲ್ಪವೇ ಒರೆಸಿ, ಅದರ ಮೇಲೆ ಅಕ್ಕಿಹಪ್ಪಳದಷ್ಟು ತೆಳುವಾದ ಕೈಕಾಗದ ಹಾಸಿ ತಿಕ್ಕಿದನೆಂದರೆ, ಎತ್ತುವಾಗ ಆ ಕಾಗದದ ಮೇಲೆ ನಸುಕಿನ ಕೃಷ್ಣೆ ಬಂದಿರುತ್ತಿದ್ದಳು. ಕೆಳಗೆ ಸಣ್ಣ ತೆರೆಗಳ ಸಾಲು, ನಡುವೆ ಎಲ್ಲೋ ಒಂದು ಸುಳಿ, ಮೇಲಕ್ಕೆ ಹೋದಂತೆ ಮಂಜು. ಒಂದು ಗೆರೆಯನ್ನೂ ಅವನು ಕೆತ್ತುತ್ತಿರಲಿಲ್ಲ. ಯಾರಾದರೂ ಹೊಗಳಿದರೆ ಓರೆ ಕುತ್ತಿಗೆಯಲ್ಲೇ ಕೈ ಅಲ್ಲಾಡಿಸಿ, "ನಾ ಏನೂ ಮಾಡಿಲ್ರಿ. ನೀರ ಮಾಡೇತಿ" ಎನ್ನುತ್ತಿದ್ದ. ಅದೊಂದು ಮಾತು ಅವನಿಗೆ ಉಸಿರಿನಷ್ಟು ರೂಢಿಯಾಗಿತ್ತು. ಚಹಾದ ಕಪ್ಪು ಬಿದ್ದು ಒಡೆದರೂ ಮೊದಲು ಬರುತ್ತಿದ್ದುದು ಅದೇ, "ನಾ ಏನೂ ಮಾಡಿಲ್ರಿ".

ಚಿತ್ರಗಳು ಹೆಸರು ಮಾಡಿದವು. ನಿಪ್ಪಾಣಿಯ ತಂಬಾಕಿನ ಸಾವುಕಾರರೊಬ್ಬರು ತಮ್ಮ ಹೊಸ ಮನೆಗೆ ಎರಡು ಒಯ್ದರು. ಅಥಣಿಯ ಒಂದು ಆಸ್ಪತ್ರೆಯವರು ರೋಗಿಗಳ ಮನಸ್ಸು ತಂಪಾಗಲೆಂದು ಕೂರುವ ಹಾಲಿನಲ್ಲಿ ತೂಗುಹಾಕಿದರು. ಕೊಲ್ಲಾಪುರದ ಗುರು ಹೇಳಿಕೊಟ್ಟ ನಿಯಮವನ್ನು ಇಸಾಕ ಮಾತ್ರ ಬಿಟ್ಟಿರಲಿಲ್ಲ: ಒಂದು ಹಲಗೆಗೆ ಹನ್ನೊಂದೇ ಅಚ್ಚು, ಹನ್ನೊಂದನೆಯದು ಕೈಬಿಟ್ಟ ದಿನ ಹಲಗೆಯನ್ನು ನಾಶಮಾಡಬೇಕು, ಇನ್ನೊಂದು ಪ್ರತಿ ಹುಟ್ಟಬಾರದು. ಕೊಂಡವರಿಗೆ ಕೊಟ್ಟ ಮಾತು ಅದು. ದೊಡ್ಡ ಊರುಗಳಲ್ಲಿ ಹಲಗೆಗೆ ಗೀರು ಎಳೆದು ಕಪಾಟಿನಲ್ಲಿ ಇಡುತ್ತಾರಂತೆ. ಅಂಕಲಿಯಲ್ಲಿ ಅದನ್ನು ಸೀಳಿ ಬಚ್ಚಲ ಒಲೆಗೆ ಹಾಕುತ್ತಿದ್ದರು. "ನಮ್ಮ ಮನ್ಯಾಗ ಕಲಾ ಅಂದ್ರ ಬಿಸಿನೀರ್ರಿ ಸರ" ಎಂದು ಕುಲಸುಂಬಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಹೋದ ಚಳಿಗಾಲದಲ್ಲಿ ಅವನ ಎಂಟನೆಯ ಹಲಗೆಯ ಹನ್ನೊಂದನೆಯ ಅಚ್ಚನ್ನು ಕೊಂಡವನು ನಾನು. ಐದೂವರೆ ಅಡಿ ಉದ್ದದ ಹೊಳೆ. ನೀರಿನ ನಡುವೆ ಬಿಳಿಯ ಬಾಗುಗೆರೆಯೊಂದು. ಅದರ ಒಂದು ಮಗ್ಗುಲಿಗೆ, ತೆರೆಗಳನ್ನು ತುಂಡರಿಸುತ್ತ ಏಳು ಪುಟ್ಟ ಬಿಳಿ ಗೀರುಗಳು. ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಕಾವ್ಯ ಪಾಠ ಮಾಡಿದ ನಾಲಗೆ ಸುಮ್ಮನಿರುತ್ತದೆಯೇ? ಅದನ್ನು ಕುರಿತು ಒಂದು ಪತ್ರಿಕೆಗೆ ಲೇಖನ ಬರೆದೆ. ಬಾಗುಗೆರೆಯನ್ನು ನೀರಲ್ಲಿ ಬಿದ್ದ ಬಿದಿಗೆಯ ಚಂದ್ರ ಎಂದೆ. ಏಳು ಗೀರುಗಳನ್ನು ಮಂಜಿನಿಂದ ಮೇಲೇಳುವ ಕೊಕ್ಕರೆಗಳ ಸಾಲು ಎಂದೆ. 'ಶೂನ್ಯದ ಕಡೆಗೆ ಪಯಣ' ಎಂಬ ಮಾತೂ ಅದರಲ್ಲಿತ್ತೆಂದು ನೆನಪು. ಚಿತ್ರ ತರಲು ಹೋದ ದಿನ ಅಂಕಲಿಯಲ್ಲಿ ಚಳಿ ಗಡಗಡ ನಡುಗಿಸುತ್ತಿತ್ತು. ನನ್ನ ಕಣ್ಣೆದುರಿಗೇ ಇಸಾಕ ಕದವನ್ನು ಕೊಡಲಿಯಿಂದ ಸೀಳಿ ಒಲೆಗೆ ತಳ್ಳಿದ. ಕುಲಸುಂಬಿ ಕೊಟ್ಟ ಚಹಾ ಕುಡಿಯುತ್ತ ನಾನು ಆ ಬೆಂಕಿಗೆ ಕೈ ಕಾಯಿಸಿಕೊಂಡೆ.

ಇನ್ನು ತುಳಸವ್ವ. ಐನಾಪುರದಾಚೆಯ ಹೊಳೆದಂಡೆಯ ಓಣಿಯೊಂದರಲ್ಲಿ ಮನೆ ಕಳೆದುಕೊಂಡು ಚಿಕ್ಕೋಡಿಗೆ ಬಂದು, ಬಾಡಿಗೆಯ ತಗಡಿನ ಖೋಲಿಯಲ್ಲಿ ಇದ್ದುಕೊಂಡು, ಹತ್ತಾರು ಮನೆಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವ ಹೆಂಗಸು. ಗಂಡ ಮಹಾದೇವ ನಿಪ್ಪಾಣಿಯಲ್ಲಿ ಹಮಾಲಿ ಮಾಡುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ತುಳಸವ್ವ ನಮ್ಮ ಮನೆಗೆ ಎರಡು ವರ್ಷಗಳಿಂದ ಬರುತ್ತಿದ್ದರೂ ಹಿತ್ತಿಲ ಬಾಗಿಲಲ್ಲಿ ರೊಟ್ಟಿಯ ಬುಟ್ಟಿ ಇಳಿಸಿ ಅಲ್ಲಿಂದಲೇ ಹೋಗುವವಳು. ಆಷಾಢದ ಆ ಮುಂಜಾನೆ ಹಿತ್ತಿಲ ಗೋಡೆಗೆ ಗಿಲಾವು ಬಳಿಯುವ ಕೆಲಸ ನಡೆದಿತ್ತು. ನನ್ನ ಹೆಂಡತಿ ಉಜ್ವಲಾ ಅವಳನ್ನು ಮುಂಬಾಗಿಲಿನಿಂದ ಒಳಗೆ ಕರೆದಳು. ಬುಟ್ಟಿ ಹೊತ್ತು ಪಡಸಾಲೆಯ ನಡುವಿನವರೆಗೆ ಬಂದ ತುಳಸವ್ವ ಸೋಫಾದ ಮೇಲಿನ ಚಿತ್ರವನ್ನು ನೋಡಿ ನಿಂತಳು. ನೋಡುತ್ತ ನೋಡುತ್ತ ಅವಳ ತಲೆ ಇಸಾಕನಂತೆಯೇ ಒಂದು ಕಡೆಗೆ ವಾಲಿತು. ನನಗೆ ಸಂತೋಷವಾಯಿತು. ಕಲೆಗೆ ಭೇದವಿಲ್ಲ ನೋಡು ಎಂದು ಉಜ್ವಲಾಳಿಗೆ ಹೇಳಬೇಕೆಂದು ಬಾಯಿ ತೆರೆದಿದ್ದೆ.

"ಬಾಯಾರ, ಇದು ನಮ್ಮ ಬಾಗಲಾ" ಎಂದಳು ತುಳಸವ್ವ.

"ಅದು ಹೊಳಿ ಚಿತ್ರ, ತುಳಸವ್ವ. ಬಾಗಲಾ ಎಲ್ಲೈತಿ?" ಎಂದಳು ಉಜ್ವಲಾ.

"ಹೊಳಿ ಅಲ್ರಿ. ನಮ್ಮ ತಲಬಾಗಲದ ಕದಾ ಇದು. ಅಡ್ಡ ಬಿದ್ದೇತಿ. ಇಗಾ, ಇಲ್ಲಿ ಕುದರಿ ಲಾಳಾ ಬಡದಿದ್ವಿ, ದೃಷ್ಟಿ ಆಗಬಾರದಂತ." ಅವಳ ಬೆರಳು ನನ್ನ ಬಿದಿಗೆಯ ಚಂದ್ರನ ಮೇಲಿತ್ತು. ಅಲ್ಲಿಂದ ಗೀರುಗಳ ಮೇಲೆ ಒಂದೊಂದಾಗಿ ಹಾಯಿತು. "ಇವು ಕಾಂಚನಾನ ಗೀಟ. ಏಳ ಅದಾವ ನೋಡ್ರಿ."

"ಅವು ಕೊಕ್ಕರಿ, ತುಳಸವ್ವ" ಎಂದೆ. ಹೌದು, ಹೇಳಿದೆ. ಮೂವತ್ತೆರಡು ವರ್ಷ ಪಾಠ ಮಾಡಿದವನಿಗೆ ತಿದ್ದದೆ ಇರಲು ಬರುವುದಿಲ್ಲ.

ಅವಳು ನನ್ನ ಕಡೆ ತಿರುಗಿದಳು. "ಕೊಕ್ಕರಿ ಅಲ್ರಿ ಸರ. ನನ್ನ ಮಗಳು."

ಉಜ್ವಲಾ ಅವಳನ್ನು ಕೂರಿಸಿ ನೀರು ಕೊಟ್ಟಳು. ಬಿಡಿ ಬಿಡಿಯಾಗಿ ಕಥೆ ಹೊರಬಿತ್ತು. ಕಾಂಚನ ಅವಳ ಒಬ್ಬಳೇ ಮಗಳು. ಪ್ರತಿ ನಾಗರಪಂಚಮಿಗೆ, ಜೋಕಾಲಿ ಏರುವ ಮೊದಲು, ಹುಡುಗಿ ಮುಚ್ಚಿದ ಬಾಗಿಲಿಗೆ ಬೆನ್ನು ಹಚ್ಚಿ ನಿಲ್ಲಬೇಕು. ಅಪ್ಪ ಅವಳ ನೆತ್ತಿಯ ಮಟ್ಟಕ್ಕೆ ಕುಡಗೋಲಿನ ಮೊನೆಯಿಂದ ಒಂದು ಗೀಟು ಎಳೆಯಬೇಕು. ಹೋದ ವರ್ಷಕ್ಕಿಂತ ಎಷ್ಟು ಎತ್ತರವಾಗಿದ್ದಾಳೆ ಎಂದು ನೋಡಿ ಜೋಕಾಲಿಯ ಹಗ್ಗವನ್ನು ಅಷ್ಟು ಮೇಲೆ ಕಟ್ಟಬೇಕು. ನಾಲ್ಕನೆಯ ವಯಸ್ಸಿನಿಂದ ಹತ್ತರವರೆಗೆ ಏಳು ಪಂಚಮಿ. ಎಂಟನೆಯ ಪಂಚಮಿ ಬರುವ ಮೊದಲು ಹುಡುಗಿ ನಾಲ್ಕು ದಿನದ ಜ್ವರದಲ್ಲಿ ಹೋದಳು. ಅದರ ಮರುವರ್ಷದ ಪಂಚಮಿಯ ವಾರದಲ್ಲಿಯೇ ಮಹಾಪೂರ ಬಂದು ಮನೆ, ಟ್ರಂಕು, ಟ್ರಂಕಿನೊಳಗಿನ ಫೋಟೊ, ಎಲ್ಲ ಒಯ್ದಿತು. ಮಗಳದೆಂದು ಹೇಳಲು ಅವಳ ಹತ್ತಿರ ಈಗ ಒಂದು ಚೂರೂ ಉಳಿದಿರಲಿಲ್ಲ.

"ಫೋಟೊ ಇಲ್ಲರಿ. ಮಾರಿ ನೆನಪೈತಿ. ಆದ್ರ ಎಷ್ಟ ಎತ್ತರ ಇದ್ಲು ಅನ್ನೂದ ಮರತ ಹೋಗೇತ್ರಿ" ಎಂದಳು. ಎದೆಯ ಹತ್ತಿರ ಒಮ್ಮೆ ಕೈ ಹಿಡಿದು ತೋರಿಸಿದಳು, ಇನ್ನೊಮ್ಮೆ ಹೊಟ್ಟೆಯ ಹತ್ತಿರ. "ಒಂದಿನ ಇಷ್ಟ ಅನಸ್ತೈತಿ, ಒಂದಿನ ಇಷ್ಟ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ಆ ಬಾಗಲಾ ಎಲ್ಲೈತ್ರಿ ಸರ? ಅವರು ಕೊಡತಾರೇನ್ರಿ?"

ಎಲ್ಲಿದೆ ಎಂಬುದು ನನಗೆ ಗೊತ್ತಿತ್ತು. ಆ ಕ್ಷಣದಲ್ಲಿ ಹೇಳಿಬಿಡಬೇಕಾಗಿತ್ತು. ಹೇಡಿತನಕ್ಕೆ ಮರ್ಯಾದೆಯ ಹೆಸರು ಕೊಡುವುದು ಓದಿದವರಿಗೆ ಚೆನ್ನಾಗಿ ಬರುತ್ತದೆ; "ಹೋಗಿ ಕೇಳೋಣ" ಎಂದೆ. ಅಂಕಲಿಯ ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ಬಾಗಿಲಿಗೆ ಜಾಗ ಮಾಡುತ್ತಿದ್ದಳು. ಖೋಲಿ ಸಣ್ಣದು, ನಿಜ, ಆದರೆ ರೊಟ್ಟಿಯ ಒಲೆ ಈ ಕಡೆ ಸರಿಸಿದರೆ ಗೋಡೆಗೆ ಆನಿಸಿ ಇಡಬಹುದು; ಹುಳ ಹತ್ತದ ಹಾಗೆ ಬೇವಿನೆಣ್ಣೆ ಹಚ್ಚಬಹುದು. ನಾನು ಕಿಟಕಿಯಾಚೆಯ ಕಬ್ಬು ನೋಡುತ್ತ ಹೂಂಗುಟ್ಟುತ್ತಿದ್ದೆ.

ಇಸಾಕ ಅಂಗಳದಲ್ಲಿ ಒಂಬತ್ತನೆಯ ಹಲಗೆಗೆ ಮಸಿ ಸವರುತ್ತಿದ್ದ. ಬಂದವರನ್ನು ಕಂಡು ಎಂದಿನಂತೆ ತಲೆ ವಾಲಿಸಿದ. ನಾನು ನಿಂತಲ್ಲಿಯೇ ಎಲ್ಲ ಹೇಳಿದೆ: ಲಾಳ, ಗೀಟು, ಪಂಚಮಿ, ಕಾಂಚನ. ಹೇಳುತ್ತಿದ್ದಂತೆ ಅವನ ಕುತ್ತಿಗೆ ನಿಧಾನವಾಗಿ ನೆಟ್ಟಗಾಯಿತು. ಇಪ್ಪತ್ತು ವರ್ಷಗಳ ಪರಿಚಯದಲ್ಲಿ ಆ ಮುಖವನ್ನು ನಾನು ನೇರವಾಗಿ ನೋಡಿರಲಿಲ್ಲ. ಬೇರೆ ಯಾರೋ ಎನಿಸಿತು.

"ನಾ ಏನೂ..." ಎಂದ. ಆ ಮಾತನ್ನು ಅವನು ಅರ್ಧಕ್ಕೆ ನಿಲ್ಲಿಸಿದ್ದು ಅದೇ ಮೊದಲು.

"ಬಾಗಲಾ ಒಳಗೈತೇನಣ್ಣಾ?" ಎಂದಳು ತುಳಸವ್ವ.

ಗಂಡಸರಿಬ್ಬರೂ ನೆಲ ನೋಡುತ್ತ ನಿಂತಿದ್ದೆವು. ಹೇಳಿದವಳು ಕುಲಸುಂಬಿ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವಳು ಅಂಗಳಕ್ಕೆ ಇಳಿದು ಬಂದು ತುಳಸವ್ವನ ಎರಡೂ ಕೈ ಹಿಡಿದುಕೊಂಡು, "ಸುಟ್ಟೇವಿ ತಂಗಿ. ಜಳಕದ ಒಲಿಗಿ ಹಾಕೇವಿ. ನಮಗ ಗೊತ್ತಿರಲಿಲ್ಲ" ಎಂದಳು.

ತುಳಸವ್ವ ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಬಚ್ಚಲ ಕಡೆ ಹೋಗಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಳಗೆ ಬಾಗಿ ನೋಡಿ, ತಣ್ಣಗಿದ್ದ ಬೂದಿಯಲ್ಲಿ ಕೈಯಿಟ್ಟಳು. ಆ ಬೂದಿ ನಿನ್ನೆಯದೋ ಮೊನ್ನೆಯದೋ; ಅವಳ ಬಾಗಿಲಿನದು ಎಂದೋ ತಿಪ್ಪೆ ಸೇರಿತ್ತು.

"ಹೊಳಿ ಒಯ್ದೇತಿ ಅಂತ ಇಷ್ಟ ವರ್ಷ ಹೊಳಿಗಿ ಬೈದೆ" ಎಂದಳು, ಬೂದಿಯ ಕೈಯನ್ನು ನೋಡುತ್ತ. "ಹೊಳಿ ಉಳಿಸಿ ಕೊಟ್ಟಿತ್ತಲ್ರಿ. ಈಗ ಯಾರಿಗಿ ಬೈಲಿ?"

ನಾನು ಇಷ್ಟು ವರ್ಷಗಳಲ್ಲಿ ಕೇಳಿದ ವಿಮರ್ಶೆಗಳಲ್ಲೆಲ್ಲ ಇಷ್ಟು ಕಠೋರವಾದುದು ಇನ್ನೊಂದಿಲ್ಲ. ಕುಲಸುಂಬಿ ಒಳಗಿನಿಂದ ಒಂದು ಹಳೆಯ ಡಬ್ಬಿ ತಂದು ನೆಲಕ್ಕೆ ಸುರುವಿದಳು: ಬಾಗಿಲುಗಳಿಂದ ಕಿತ್ತ ಮೊಳೆ, ಅಗುಳಿ, ಚಿಲಕ, ಬಳೆ. ಅದರೊಳಗೆ ಒಂದು ಕುದುರೆ ಲಾಳ. "ಲಾಳಾ ಒಲಿಗಿ ಹಾಕಬಾರದಂತ ನಾ ತಗದಿಟ್ಟಿದ್ದೆ" ಎಂದಳು. ತುಳಸವ್ವ ಅದರ ಒಂದು ತೂತಿನಲ್ಲಿ ಸಿಕ್ಕಿಕೊಂಡಿದ್ದ ಮುರುಕು ಮೊಳೆಯನ್ನು ಮುಟ್ಟಿ ನೋಡಿ, ಲಾಳವನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

"ಗೀಟ ನಾನೂ ನೋಡಿದ್ದೆ ಸರ" ಎಂದ ಇಸಾಕ. "ಯಾರೋ ಕುಡಗೋಲ ಮಸದಾರ ಅಂತ ತಿಳದೆ. ನೀರಿಗಿ ಚೊಲೋ ಕಾಣಸ್ತಾವಂತ ಬಿಟ್ಟೆ. ಒಮ್ಮೆರೆ ಕದಾ ನಿಂದರಿಸಿ ನೋಡಿದ್ನೆಂದ್ರ ಕೂಸಿನ ಗೀಟ ಅಂತ ಕುರುಡಗೂ ತಿಳೀತಿತ್ತು. ಹತ್ತ ಬಾಗಲಾ ತಂದೆ. ಒಂದನ್ನೂ ನಿಂದರಿಸಲಿಲ್ಲ."

ಅದಾದ ಮೇಲೆ ಒಂದು ವಾರ ಅವನ ಸುದ್ದಿಯಿಲ್ಲ. ಪಂಚಮಿಗೆ ಇನ್ನೂ ಎಂಟು ದಿನ ಇರುವಾಗ ಕೋಟು ಹಾಕಿಕೊಂಡು ನನ್ನ ಮನೆಗೆ ಬಂದ. ನಮಸ್ಕಾರವಿಲ್ಲ, ಚಹಾ ಬೇಡವೆಂದ. "ಇಳಸ್ರಿ ಅದನ್ನ" ಎಂದ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಅಷ್ಟೆಲ್ಲ ಆದಮೇಲೂ ಗೋಡೆ ಬೋಳಾಗುತ್ತದಲ್ಲ ಎಂದು ನನ್ನ ಮನಸ್ಸು ಒಂದು ನಿಮಿಷ ಚಡಪಡಿಸಿತು. ಅವನು ನೆಲದ ಮೇಲೆ ಕೂತು ಚೌಕಟ್ಟು ಬಿಚ್ಚಿ, ಗಾಜು ತೆಗೆದು, ಕಾಗದವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಇಬ್ಬರೂ ತುಳಸವ್ವನ ಖೋಲಿಗೆ ಹೋದೆವು.

ಇಸಾಕ ಮೊದಲೇ ಹೇಳಿಕಳಿಸಿದ್ದನಂತೆ, ಅವಳು ಒಲೆಯನ್ನು ಆಗಲೇ ಸರಿಸಿಟ್ಟಿದ್ದಳು. ಇಸಾಕ ಕಾಗದ ಬಿಡಿಸಿ ಗೋಡೆಗೆ ಹಿಡಿದ, ಅಡ್ಡಕ್ಕಲ್ಲ, ಉದ್ದಕ್ಕೆ. ಹೊಳೆ ಎದ್ದು ನಿಂತಿತು. ತೆರೆಗಳು ಮರದ ಎಳೆಗಳಾದವು, ಸುಳಿ ಒಂದು ಗಂಟಾಯಿತು, ಮಂಜಿನೊಳಗಿಂದ ಅಗುಳಿಯ ತೂತು ಕಣ್ಣು ಬಿಟ್ಟಿತು. ಆರು ತಿಂಗಳು ದಿನವೂ ಅದರ ಕೆಳಗೆ ಕೂತು ಪತ್ರಿಕೆ ಓದಿದ್ದೆ. ಒಂದು ದಿನವೂ ನನಗೆ ಬಾಗಿಲು ಕಂಡಿರಲಿಲ್ಲ. ಈಗ ಬಾಗಿಲಲ್ಲದೆ ಬೇರೇನೂ ಕಾಣಿಸುತ್ತಿರಲಿಲ್ಲ.

"ಲಾಳಾ ಈ ಕಡೆ ಇತ್ತಣ್ಣಾ. ಇಲ್ಲಿ ಆ ಕಡೆ ಬಂದೇತಿ" ಎಂದಳು ತುಳಸವ್ವ.

ಅಚ್ಚಿನಲ್ಲಿ ಎಲ್ಲವೂ ತಿರುಗಿ ಬೀಳುತ್ತದೆ. ಕನ್ನಡಿಯೊಳಗಿನ ಮುಖದ ಹಾಗೆ ಎಡವು ಬಲವಾಗುತ್ತದೆ. ಇಸಾಕ ಅದನ್ನೆಲ್ಲ ವಿವರಿಸಲು ಹೋಗಲಿಲ್ಲ. ಕಾಗದವನ್ನು ಮಗುಚಿ ಅದರ ಬೆನ್ನನ್ನು ಹೊರಗೆ ಮಾಡಿ ಹಿಡಿದ. ತೆಳು ಕಾಗದದಲ್ಲಿ ಮಸಿ ಆಚೆಗೆ ಇಳಿದಿತ್ತು. ಸ್ವಲ್ಪ ಮಸುಕಾದರೂ ಎಲ್ಲ ಕಾಣುತ್ತಿತ್ತು, ಲಾಳ ತನ್ನ ಕಡೆಗೆ ಬಂದಿತ್ತು. ಅವನು ಮೂಲೆಯಲ್ಲಿ ಮಾಡಿದ್ದ ಸಹಿ ಗೋಡೆಯ ಕಡೆಗೆ ಹೋಯಿತು.

"ಹೊಸ್ತಿಲಾ ಎಷ್ಟ ಎತ್ತರ ಇತ್ತು ತಂಗಿ?"

ತುಳಸವ್ವ ನಾಲ್ಕು ಬೆರಳು ಜೋಡಿಸಿ ತೋರಿಸಿದಳು. ಇಸಾಕ ಮೊಣಕಾಲೂರಿ ನೆಲದಿಂದ ನಾಲ್ಕು ಬೆರಳು ಅಳೆದು, ಅಷ್ಟು ಮೇಲಕ್ಕೆ ಕಾಗದದ ಅಂಚು ಬರುವ ಹಾಗೆ ನೋಡಿಕೊಂಡು, ಒಂದೊಂದೇ ಮೊಳೆ ಬಡಿದ. ನಾನು ಮೇಲಿನ ತುದಿ ಹಿಡಿದು ನಿಂತಿದ್ದೆ. ಕಾಗದ ಹಲಗೆಯಷ್ಟೇ ಅಳತೆಯದು. ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ. ಏಳು ಗೀಟುಗಳು ಒಂದರ ಮೇಲೊಂದು ಏರಿ ತಮ್ಮ ತಮ್ಮ ಎತ್ತರಕ್ಕೆ ಬಂದು ನಿಂತವು. ತುಳಸವ್ವ ಹತ್ತಿರ ಬಂದು ಎಲ್ಲಕ್ಕಿಂತ ಮೇಲಿನ ಗೀಟಿಗೆ ಸರಿಯಾಗಿ ಅಂಗೈಯನ್ನು ಬೋರಲಾಗಿ ಹಿಡಿದಳು, ನಿಂತ ಹುಡುಗಿಯ ನೆತ್ತಿಯ ಮೇಲೆ ಇಡುವ ಹಾಗೆ. ಕೈ ಅವಳ ಎದೆಯ ಮಟ್ಟಕ್ಕೆ ಬಂದಿತ್ತು.

"ಇಷ್ಟ ಇದ್ಲ್ರಿ" ಎಂದಳು. "ಇಷ್ಟ." ಆಮೇಲೆ ಅತ್ತಳು. ಕೈ ಮಾತ್ರ ಅಲ್ಲಿಂದ ತೆಗೆಯಲಿಲ್ಲ.

ಇಸಾಕ ಈಗ ಅಚ್ಚು ತೆಗೆಯುತ್ತಿಲ್ಲ. ಉಳಿದಿದ್ದ ಎರಡು ಕದಗಳನ್ನು ಮಸಿ ತೊಳೆದು, ಹೋಗಿ ಬರುವವರಿಗೆ ಕಾಣುವ ಹಾಗೆ ತನ್ನ ಮನೆಯ ಮುಂದಿನ ಗೋಡೆಗೆ ನಿಲ್ಲಿಸಿದ್ದಾನೆ. ಅಥಣಿಯವರು ಇನ್ನೊಂದು ಚಿತ್ರ ಬೇಕೆಂದು ಫೋನು ಮಾಡಿದರೆ, ನಿಮ್ಮ ಗೋಡೆಯ ಮೇಲಿನದನ್ನು ಮೊದಲು ಒಮ್ಮೆ ನಿಲ್ಲಿಸಿ ನೋಡಿರಿ ಎನ್ನುತ್ತಾನಂತೆ. ಕುತ್ತಿಗೆ ಮತ್ತೆ ವಾಲತೊಡಗಿದೆ, ಹುಟ್ಟುಗುಣ. ಆದರೆ ವಾಲಿದೊಡನೆ ಏನೋ ನೆನಪಾದವನಂತೆ ಥಟ್ಟನೆ ನೆಟ್ಟಗಾಗುತ್ತದೆ. ಇಂಥವರು ಎಲ್ಲ ಕಾಲದಲ್ಲೂ ಇದ್ದಾರೆ. ಲೋಕವನ್ನು ಮಲಗಿಸಿ ನೋಡಿ, ಬಿದ್ದ ಮನೆಯಲ್ಲಿ ಹೊಳೆಯನ್ನು, ಗಾಯದಲ್ಲಿ ಚಂದ್ರನನ್ನು ಕಾಣುತ್ತಾರೆ. ಅವರ ಕಣ್ಣಿಲ್ಲದಿದ್ದರೆ ಕಾಂಚನಾಳ ಎತ್ತರ ಸೌದೆ ಅಂಗಡಿಯಲ್ಲೇ ಕಳೆದುಹೋಗುತ್ತಿತ್ತು, ಆ ಕಣ್ಣಿದ್ದುದರಿಂದಲೇ ಅದು ಒಲೆಗೂ ಹೋಯಿತು. ಈ ಎರಡನ್ನೂ ಹೊತ್ತು ನಡೆಯುವುದನ್ನು ಇಸಾಕ ಅರವತ್ತರ ಅಂಚಿನಲ್ಲಿ ಕಲಿಯುತ್ತಿದ್ದಾನೆ. ನನ್ನ ಜಾತಿಯವರ ಮಾತೇ ಬೇರೆ. ನಾವು ಅವರ ಅಂಗಳದಲ್ಲಿ ಕೂತು, ಚಹಾ ಕುಡಿದು, ಒಳ್ಳೆಯ ಮಾತುಗಳನ್ನು ಹುಡುಕುವವರು. ಒಲೆಯಲ್ಲಿ ಉರಿಯುತ್ತಿರುವುದು ಯಾರ ಬಾಗಿಲು ಎಂದು ನಾನು ಅಂದು ಕೇಳಲಿಲ್ಲ, ಚಳಿ ಬಹಳ ಇತ್ತು.